ಹಲ್ಲು ನೋಡದೆ ತಂದ ಎತ್ತು

"ಹಲ್ಲು ನೋಡಿದ್ರಾ ಅಳಿಯಂದ್ರೆ?"

40 ಡಾಲರಿಗೆ ಗಿಟ್ಟಿಸಿಕೊಂಡ ಹಳೇ ಲಾನ್ ಮೋವರನ್ನು ಕಾರಿನ ಡಿಕ್ಕಿಯಿಂದ ಇಳಿಸಿ, ಮೈಯೆಲ್ಲ ಒರೆಸಿ, ಇನ್ನೇನು ಶಹಬ್ಬಾಸ್ ಅನ್ನುತ್ತಾರೆ ಅಂತ ಕಾದು ನಿಂತಿದ್ದ ನನಗೆ ನಮ್ಮ ಮಾವನವರು ಹಾಕಿದ ಮೊದಲ ಪ್ರಶ್ನೆ ಇದು. ಮಾವನವರು ಮಂಡ್ಯ ಕಡೆಯವರು. ಘಾಟಿ, ಚುಂಚನಕಟ್ಟೆ, ಮುಡುಕುತೊರೆ ಅಂತ ದನದ ಜಾತ್ರೆ ಸುತ್ತಿ, ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸಿದ ಕೈ. ಆರು ತಿಂಗಳಿಗೆಂದು ಮಗಳ ಮನೆಗೆ ಬಂದು, ಒಹಾಯೋದ ಕೊಲಂಬಸ್ ಊರಿನ ಹೊರಗೆ, ಒಂದು ದನವೂ ಕಾಣದ ಬಡಾವಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಬಹಳ ದಿನಗಳ ಮೇಲೆ ಅವರ ಕಣ್ಣಿಗೆ ನಾಲ್ಕು ಕಾಲಿನ ಪ್ರಾಣಿಯಂಥದ್ದು ಒಂದು ಬಿದ್ದಿತ್ತು.

"ಮೋವರಿಗೆ ಎಲ್ಲಿಯ ಹಲ್ಲು ಮಾವ?" ಅಂದೆ.

"ಹುಲ್ಲು ಮೇಯಲ್ವೆ ಇದು? ಹಲ್ಲಿಲ್ದೆ ಹೆಂಗ್ ಮೇಯ್ತದೆ?"

ನಿಜ ಹೇಳಬೇಕೆಂದರೆ ನಾನು ಎಲ್ಲವನ್ನೂ ನೋಡಿದ್ದೆ. ಗರಾಜ್ ಸೇಲಿನಲ್ಲಿ ಮಾರುತ್ತಿದ್ದ ಮುದುಕರ ಮುಂದೆ ಬಹಳ ತಿಳಿದವನ ಹಾಗೆ ಹಗ್ಗ ಎಳೆದಿದ್ದೆ. ಎರಡನೆಯ ಎಳೆತಕ್ಕೇ ಎಂಜಿನ್ ಗುಟುರು ಹಾಕಿತ್ತು. ಚಕ್ರ ಅಲ್ಲಾಡಿಸಿದ್ದೆ. ಆಯಿಲ್ಲಿನ ಕಡ್ಡಿ ಎತ್ತಿ, ಯಾಕೆಂದು ಗೊತ್ತಿಲ್ಲದೆಯೇ ಮೂಸಿದ್ದೆ. ಬಗ್ಗಿ ಹೊಟ್ಟೆಯ ಅಡಿ ಮಾತ್ರ ನೋಡಿರಲಿಲ್ಲ. ಹಳೇ ಮೋವರ್ ಕೊಳ್ಳಲು ಹೋದ ಯಾರೂ ನೋಡುವುದಿಲ್ಲ. ಪ್ಯಾಂಟಿನ ಮಂಡಿ ಕೊಳೆಯಾಗುತ್ತದೆ.

ಈಗ ಹುಲ್ಲಿನ ವಿಚಾರ ಒಂದು ಮಾತು. ನಮ್ಮ ಮನೆ ಮುಂದಿರುವುದು ಕೆಂಟಕಿ ಬ್ಲೂಗ್ರಾಸ್. ಹೆಸರಿನಲ್ಲೇ ಎರಡು ಸುಳ್ಳು. ಅದು ಕೆಂಟಕಿಯದಲ್ಲ, ಯುರೋಪಿನ ಕಡೆಯಿಂದ ವಲಸೆ ಬಂದು ಇಲ್ಲಿಯದೇ ಅನ್ನಿಸಿಕೊಂಡದ್ದು. ನೀಲಿಯೂ ಅಲ್ಲ. ಮಂಡಿಯುದ್ದ ಬೆಳೆಯಲು ಬಿಟ್ಟರೆ ತೆನೆಯೊಡೆದಾಗ ಒಂಚೂರು ನೀಲಿ ಛಾಯೆ ಕಾಣುತ್ತದಂತೆ. ಆದರೆ ಅಷ್ಟರೊಳಗೆ ಬಡಾವಣೆಯ ಸಂಘದಿಂದ ಕಾಗದ ಬಂದುಬಿಡುತ್ತದೆ. ಮೇ ತಿಂಗಳಲ್ಲಿ ಅದು ಬೆಳೆಯುವ ರಭಸ ನೋಡಬೇಕು. ಶನಿವಾರ ಕೊಯ್ದರೆ ಮುಂದಿನ ಶನಿವಾರಕ್ಕೆ ಸಾಲದವರ ಹಾಗೆ ಬಾಗಿಲಿಗೆ ಬಂದು ನಿಂತಿರುತ್ತದೆ. ಕೊಯ್ದ ಹುಲ್ಲನ್ನು ಕಾಗದದ ಚೀಲಕ್ಕೆ ತುಂಬಿ ಕಸದ ಲಾರಿಗೆಂದು ರಸ್ತೆ ಬದಿ ಇಡುವುದನ್ನು ಕಂಡ ದಿನ ಮಾವನವರು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. "ಒಂದ್ ಸೀಮೆಹಸ ಸಾಕ್ಬೋದಿತ್ತು" ಅಂತ ಅತ್ತೆಯ ಹತ್ತಿರ ಹೇಳಿಕೊಂಡರಂತೆ.

ಸರಿ, ಶನಿವಾರ ಮೋವರ್ ಓಡಿಸಿದೆ. ಸದ್ದು ಭರ್ಜರಿಯಾಗಿತ್ತು, ಹುಲ್ಲೂ ಗಿಡ್ಡವಾಯಿತು. "ನೋಡಿದ್ರಾ?" ಅನ್ನುವ ಹಾಗೆ ಮಾವನವರ ಕಡೆ ನೋಡಿದೆ. ಅವರು ಏನೂ ಅನ್ನಲಿಲ್ಲ. ಸೋಮವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದರೆ ಇಡೀ ಹುಲ್ಲುಹಾಸಿನ ಮೇಲೆ ಒಣಹುಲ್ಲಿನ ಬಣ್ಣದ ಒಂದು ಪರೆ. ನೀರು ಸಾಲದೇನೋ ಅಂತ ನಾನು ಪೈಪು ಹುಡುಕುತ್ತಿದ್ದೆ. ಮಾವನವರು ಕುಕ್ಕುರುಗಾಲಲ್ಲಿ ಕೂತು ಒಂದೇ ಒಂದು ಎಸಳು ಕಿತ್ತು, ತಂದು ನನ್ನ ಅಂಗೈ ಮೇಲಿಟ್ಟರು.

"ತುದಿ ನೋಡಿ. ಕೊಯ್ದಿಲ್ಲ ಇದು, ಸಿಗ್ದದೆ."

ಕನ್ನಡಕ ಏರಿಸಿ ನೋಡಿದೆ. ಕುಡುಗೋಲು ಹಾಕಿದ ಹುಲ್ಲಿನ ತುದಿ ನೇರವಾಗಿ, ಗೆರೆ ಎಳೆದ ಹಾಗಿರುತ್ತದೆ. ಇದು ಹಲ್ಲುಜ್ಜಿ ಬಿಸಾಕಿದ ಬೇವಿನಕಡ್ಡಿಯ ಹಾಗೆ ಎಳೆ ಎಳೆಯಾಗಿ ಕೆದರಿಕೊಂಡಿತ್ತು. ಆ ಎಳೆಗಳೇ ಒಣಗಿ ಬಿಳಿಚಿಕೊಂಡು, ದೂರದಿಂದ ನೋಡುವವರಿಗೆ ಇಡೀ ಅಂಗಳಕ್ಕೆ ಕಾಮಾಲೆ ಬಂದ ಹಾಗೆ ಕಾಣುತ್ತಿತ್ತು. ಬ್ಲೇಡು ಮೊಂಡಾದರೆ ಹೀಗೇ ಆಗುವುದು. ಗಾಯ ದೊಡ್ಡದಾದಷ್ಟೂ ಹುಲ್ಲು ನೀರು ಕಳೆದುಕೊಳ್ಳುತ್ತದೆ, ರೋಗಕ್ಕೂ ಬಾಗಿಲು ತೆರೆದ ಹಾಗೆ.

ಅವತ್ತು ಸಂಜೆಯೇ ಹಲ್ಲು ನೋಡುವ ಶಾಸ್ತ್ರ. ಮೋವರನ್ನು ಮಗ್ಗುಲಿಗೆ ಉರುಳಿಸಿದೆ. ಯಾವ ಮಗ್ಗುಲಿಗೆ ಅನ್ನುವುದರಲ್ಲಿ ಒಂದು ಶಾಸ್ತ್ರವಿದೆಯೆಂದು ಆಗ ನನಗೆ ಗೊತ್ತಿರಲಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ. ಅಡಿಯಲ್ಲಿ ಮೊದಲು ಕಂಡದ್ದು ಬ್ಲೇಡಲ್ಲ, ಹಿಂಡಿ. ವರ್ಷಗಟ್ಟಲೆ ಕೊಯ್ದ ಹಸಿಹುಲ್ಲು ಒಳಗೋಡೆಗೆ ಮೆತ್ತಿಕೊಂಡು, ಒಣಗಿ, ಮತ್ತೆ ಮೆತ್ತಿಕೊಂಡು ಎರಡು ಬೆರಳು ದಪ್ಪ ಬೆರಣಿಯಾಗಿತ್ತು. ಅದರ ನಡುವೆ ಎರಡು ಗೇಣು ಮೀರಿದ ಒಂದು ಕಬ್ಬಿಣದ ಪಟ್ಟಿ. ಬ್ಲೇಡು ಅಂದರೆ ಗಡ್ಡದ ಬ್ಲೇಡಿನ ದೊಡ್ಡಣ್ಣ ಇರಬೇಕು ಅಂದುಕೊಂಡಿದ್ದೆ. ಇದು ನೋಡಿದರೆ ಎರಡು ತುದಿಯಲ್ಲಿ ಮೂರು ನಾಲ್ಕು ಇಂಚು ಮಾತ್ರ ಅಲಗು. ನಡುವಿನದೆಲ್ಲ ಬರೀ ಮೊಂಡು ಪಟ್ಟಿ. ಆ ಅಲಗೂ ನಮ್ಮತ್ತೆಯ ದೋಸೆ ಮೊಗಚುವ ಕೈಯಷ್ಟು ನುಣ್ಣಗಾಗಿತ್ತು.

ಮಾವನವರು ತುದಿಯ ಮೇಲೆ ಹೆಬ್ಬೆರಳು ಆಡಿಸಿ ನಕ್ಕರು. "ಎರಡಲ್ಲಿಂದು ಅಂತ ಹೇಳಿ ಮಾರವ್ನೆ ನಿಮ್ಗೆ. ಬಾಯ್ಗೂಡಿ ಯಾವ ಕಾಲವಾಯ್ತೋ!"

ಎತ್ತಿನ ಲೆಕ್ಕ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕರುವಿಗೆ ಹಾಲುಹಲ್ಲು. ಸುಮಾರು ಎರಡು ವರ್ಷಕ್ಕೆ ಮುಂದಿನ ಎರಡು ಬಿದ್ದು ಗಟ್ಟಿಹಲ್ಲು ಬರುತ್ತದೆ, ಅದು ಎರಡಲ್ಲಿನದು, ಪ್ರಾಯದ ಮಾಲು. ಆಮೇಲೆ ನಾಲ್ಕು, ಆರು. ನಾಲ್ಕು ನಾಲ್ಕೂವರೆ ವರ್ಷದ ಹೊತ್ತಿಗೆ ಎಂಟೂ ಬಂದು ಬಾಯಿ ಗೂಡುತ್ತದೆ. ಅಲ್ಲಿಂದ ಮುಂದೆ ಎಣಿಸಲು ಏನೂ ಇಲ್ಲ, ಸವೆತ ನೋಡಿ ಅಂದಾಜು ಮಾಡಬೇಕು. ಇನ್ನೊಂದು ವಿಷಯ, ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇರುವುದಿಲ್ಲ. ನನ್ನ ಮೋವರಿಗೂ ಅಷ್ಟೇ. ಕತ್ತರಿಗೆ ಎರಡು ಅಲಗು, ಕುಡುಗೋಲಿಗೆ ಹಿಡಿದುಕೊಳ್ಳಲು ಒಂದು ಎಡಗೈ. ಇದಕ್ಕೆ ಆಸರೆ ಯಾವುದೂ ಇಲ್ಲ. ಇದರ ಬಂಡವಾಳವೆಲ್ಲ ವೇಗ. 21 ಇಂಚಿನ ಬ್ಲೇಡು ನಿಮಿಷಕ್ಕೆ 3000 ಸುತ್ತು ಹಾಕಿದರೆ ತುದಿಯ ವೇಗ ಗಂಟೆಗೆ ಸುಮಾರು 300 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗೆ ಅರ್ಧ ಗಂಟೆ, ಮದ್ದೂರಿನಲ್ಲಿ ವಡೆಗೆ ನಿಲ್ಲಿಸದಿದ್ದರೆ. ಹುಲ್ಲಿಗೆ ಬಗ್ಗಲು ಪುರಸೊತ್ತೇ ಕೊಡದೆ ಹೊಡೆದು ಹಾಕುವುದು, ಇಷ್ಟೇ ಅದರ ವಿದ್ಯೆ.

ಅಷ್ಟು ವೇಗದ ವಸ್ತುವಿನ ಬಳಿ ಕೈ ಹಾಕುವ ಮುಂಚೆ ಭಯ ಇರಬೇಕು. ನನಗಿತ್ತು, ಎಲ್ಲಿ ಇಡಬೇಕೋ ಅಲ್ಲಿರಲಿಲ್ಲ ಅಷ್ಟೆ. ಮಂಗಳವಾರ ಬೆಳಿಗ್ಗೆ, ಬಿಚ್ಚುವ ಮುನ್ನ ಸ್ವಲ್ಪ ಓಡಿಸಿ ಹಿಂಡಿ ಉದುರಿಸೋಣ ಅಂತ ಹಗ್ಗ ಎಳೆದೆ. ಎಂಜಿನ್ ಕೆಮ್ಮಿತು. ಇನ್ನೊಮ್ಮೆ ಎಳೆದೆ. ಮುಂದೆ ಏನಾಯಿತೆಂದು ನನಗೆ ಕಾಣಿಸಲಿಲ್ಲ, ಯಾಕೆಂದರೆ ಏನೂ ಕಾಣಿಸಲಿಲ್ಲ. ನೀಲಿ ಬಿಳಿ ಹೊಗೆ ಅಂಗಳ ತುಂಬಿ, ಬೇಲಿ ದಾಟಿ, ಎದುರು ಮನೆಯ ಬಾಗಿಲು ಬಡಿಯಿತು. "ಮುನಿಸಿಪಾಲ್ಟಿಯೋರು ಸೊಳ್ಳೆಗೆ ಹೊಡೀತಾವ್ರಾ?" ಅಂತ ಅತ್ತೆ ಕಿಟಕಿ ಮುಚ್ಚಿಕೊಂಡರು.

ಹೊಗೆಯೊಳಗಿಂದ ಮೂಡಿ ಬಂದವರು ಪಕ್ಕದ ಮನೆಯ ಯಜಮಾನರು. ಎಪ್ಪತ್ತು ದಾಟಿದ, ಕಂಬ ಹತ್ತಿ ನಿವೃತ್ತರಾದ ಲೈನ್‌ಮನ್. ನಾಲ್ಕು ವರ್ಷದಿಂದ ನಮ್ಮಿಬ್ಬರದು ಕೈಬೀಸುವ ಪರಿಚಯ. ಅವರು ಮೋವರನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿ, "ಯಾವ ಕಡೆಗೆ ಮಲಗಿಸಿದೆ?" ಅಂದರು. ತೋರಿಸಿದೆ. ಹಣೆ ಚಚ್ಚಿಕೊಳ್ಳುವುದಕ್ಕೆ ಅಮೆರಿಕದವರು ಏನು ಮಾಡುತ್ತಾರೋ ಅದನ್ನು ಮಾಡಿದರು. ಏರ್ ಫಿಲ್ಟರ್ ಮತ್ತು ಕಾರ್ಬುರೇಟರ್ ಇರುವ ಮಗ್ಗುಲು ಯಾವಾಗಲೂ ಮೇಲಿರಬೇಕಂತೆ. ಕೆಳಗೆ ಬಿದ್ದರೆ ಎಂಜಿನ್ನಿನ ಆಯಿಲ್ಲೆಲ್ಲ ಹರಿದು ಫಿಲ್ಟರಿಗೂ ಸಿಲಿಂಡರಿಗೂ ಸೇರಿಬಿಡುತ್ತದೆ. ರಾತ್ರಿಯಿಡೀ ಆಯಿಲ್ ಕುಡಿದ ಎಂಜಿನ್ನಿಗೆ ಬೆಳಿಗ್ಗೆ ಬೆಂಕಿ ತೋರಿಸಿದ್ದೆ.

"ಎಮ್ಮೇನೂ ಮಗ್ಗುಲು ನೋಡ್ಕೊಂಡೇ ಮಲ್ಗೋದು" ಅಂದರು ಮಾವನವರು, ನನ್ನ ಬಾಯಿಂದ ತರ್ಜುಮೆ ಕೇಳಿ. ಲೈನ್‌ಮನ್‌ಗೆ ಅದರ ತರ್ಜುಮೆ ಹೇಳಿದೆ. ಅಲ್ಲಿಂದಾಚೆಗೆ ಆ ಇಬ್ಬರೂ ಒಂದಾದರು. ನಾನು ಬರೀ ದುಭಾಷಿ, ಎಟುಕಿಸಿಕೊಡುವ ಹುಡುಗ.

ಬ್ಲೇಡ್ ಬಿಚ್ಚುವುದಕ್ಕೆ ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರು ಕೀಳಬೇಕು. ಇದನ್ನು ಲೈನ್‌ಮನ್ ಮೂರು ಸಲ ಹೇಳಿದರು. ಕರೆಂಟಿನವರಲ್ಲವೆ, ಬೆರಳು ಕಳೆದುಕೊಂಡವರನ್ನು ಕಂಡಿದ್ದರು. ಎಂಜಿನ್ ಆಫ್ ಆಗಿದ್ದರೂ ಕೈಯಲ್ಲಿ ಬ್ಲೇಡು ತಿರುಗಿಸಿದರೆ ಅದು ಹಗ್ಗ ಎಳೆದಂತೆಯೇ ಲೆಕ್ಕ, ಒಂದು ಕಿಡಿ ಹಾರಿದರೆ ಎದ್ದು ಕೂರಬಹುದು. ಹಿಡಿಯ ಮೇಲಿರುವ ಸರಳು ಗೊತ್ತಲ್ಲ, ಒತ್ತಿ ಹಿಡಿದಿದ್ದರೆ ಮಾತ್ರ ಓಡುವುದು? ಅದೂ ಸುಮ್ಮನೆ ಬಂದದ್ದಲ್ಲ. 1982ರ ನಡುವಿನಿಂದ ಇಲ್ಲಿ ತಯಾರಾಗುವ ತಳ್ಳುವ ಮೋವರುಗಳಲ್ಲಿ ಕೈ ಬಿಟ್ಟ ಮೂರು ಸೆಕೆಂಡಿನೊಳಗೆ ಬ್ಲೇಡು ನಿಲ್ಲಲೇಬೇಕೆಂದು ಸರ್ಕಾರದ ಕಟ್ಟಳೆ. ಕೆಲವು ಹಳೇ ಮೋವರುಗಳಲ್ಲಿ ಹಿಂದಿನ ಮಾಲೀಕರು ಆ ಸರಳನ್ನು ತಂತಿ ಸುತ್ತಿ ಹಿಡಿಗೆ ಕಟ್ಟಿಬಿಟ್ಟಿರುತ್ತಾರಂತೆ, ಕೈ ನೋಯುತ್ತದೆಂದು. "ಮೂಗುದಾರ ಬಿಚ್ಚಿ ಗೂಳಿ ಮಾರ್ದಂಗೆ" ಅಂದರು ಮಾವ.

ಬೋಲ್ಟು ಒಂದೇ ಒಂದು. ಆದರೆ ಅದು ಅಲ್ಲಾಡಲಿಲ್ಲ. ಬ್ಲೇಡು ತಿರುಗದ ಹಾಗೆ ಒಂದು ಮರದ ತುಂಡು ಅಡ್ಡ ಕೊಟ್ಟು, ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಸ್ಪ್ಯಾನರಿನ ಹಿಡಿಗೆ ಪೈಪು ತೊಡಿಸಿ ಜೋತುಬಿದ್ದೆ. ಕಾಲು ಗಂಟೆ ಆದ ಮೇಲೆ ಮಾವನವರು ಮೆಲ್ಲಗೆ, "ಅಳಿಯಂದ್ರೆ, ಬಿಗಿ ಮಾಡೋದು ಪ್ರದಕ್ಷಿಣೆ, ಬಿಚ್ಚೋದು ಅಪ್ರದಕ್ಷಿಣೆ. ನೀವು ದೇವ್ರಿಗೆ ಪ್ರದಕ್ಷಿಣೆ ಹಾಕ್ತಾ ಇದೀರಿ" ಅಂದರು.

ಇಲ್ಲೊಂದು ಕಥೆ ಹೇಳದೆ ಮುಂದೆ ಹೋದರೆ ನನಗೆ ಸಮಾಧಾನವಿಲ್ಲ. ಹುಲ್ಲು ಸವರುವ ಯಂತ್ರವನ್ನು ಮೊದಲು ಮಾಡಿ 1830ರಲ್ಲಿ ಪೇಟೆಂಟ್ ತೆಗೆದುಕೊಂಡವನು ಎಡ್ವಿನ್ ಬಡ್ಡಿಂಗ್, ಇಂಗ್ಲೆಂಡಿನ ಸ್ಟ್ರೌಡ್ ಬಳಿಯ ಥ್ರಪ್ ಎಂಬ ಊರಿನವನು. ಉಣ್ಣೆ ಗಿರಣಿಗಳ ಸೀಮೆ ಅದು. ನೇಯ್ದ ಬಟ್ಟೆಯ ಮೇಲೆದ್ದ ಜುಂಗನ್ನು ಸವರುವ ಯಂತ್ರವನ್ನು ನೋಡಿ, ಬಟ್ಟೆಗೆ ಮಾಡುವುದನ್ನು ನೆಲಕ್ಕೂ ಮಾಡಬಹುದಲ್ಲ ಅಂದುಕೊಂಡ. ಅವನದು ಉರುಳೆಯ ಸುತ್ತ ಅಲಗು ಸುತ್ತಿದ್ದ ಜಾತಿ. ಕ್ರಿಕೆಟ್ ಪಿಚ್ ಸವರಲು ಇವತ್ತಿಗೂ ಆ ಜಾತಿಯದೇ ಬೇಕು. ತಮಾಷೆಯೆಂದರೆ ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಪ್ಯಾನರ್ ಕಟ್ಟಿದ ಕೀರ್ತಿಯನ್ನೂ ಇದೇ ಬಡ್ಡಿಂಗನಿಗೆ ಕೊಡುತ್ತಾರೆ. ತಾನೇ ಮಾಡಿದ ಮೋವರಿನ ಬೋಲ್ಟು ಬಿಚ್ಚಲಾಗದೆ ಪಾಪ ಅದನ್ನೂ ಮಾಡಿಕೊಂಡನೆಂದು ನನ್ನ ಗುಮಾನಿ. ಹೆಸರು ನೋಡಿ, ಬಡ್ಡಿಂಗ್! ಅಸಲು 40 ಡಾಲರ್. ಬಡ್ಡಿ ಎಷ್ಟಾಯಿತೆಂದು ಮುಂದೆ ತಿಳಿಯುತ್ತದೆ.

ಬ್ಲೇಡು ಕೈಗೆ ಬಂತು. ಈಗ ಸಾಣೆ. ಮಾವನವರಿಗೆ ಅರ ಒಂದು ತಂದುಕೊಟ್ಟೆ. ಲುಂಗಿ ಎತ್ತಿ ಕಟ್ಟಿ, ಬ್ಲೇಡನ್ನು ಮೆಟ್ಟಿಲಿಗೆ ಒತ್ತಿ ಹಿಡಿದು ಕೂತರು ನೋಡಿ, ಒಂದೂವರೆ ಗಂಟೆ ಯಾರ ಮಾತೂ ಕಿವಿಗೆ ಬೀಳಲಿಲ್ಲ. ಅರವನ್ನು ಒಂದೇ ದಿಕ್ಕಿಗೆ, ಮೊದಲಿದ್ದ ಇಳಿಜಾರು ಕೆಡದ ಹಾಗೆ, ಮೇಲ್ಮುಖಕ್ಕೆ ಮಾತ್ರ. ಎರಡು ತುದಿಗೂ ಎಣಿಸಿದಂತೆ ಒಂದೇ ಲೆಕ್ಕ. ಕೊನೆಗೆ ಮುಂಗೈ ಮೇಲಿನ ಕೂದಲು ಬೋಳಿಸಿ ಪರೀಕ್ಷೆ ಮಾಡಲು ಹೊರಟಾಗ ಲೈನ್‌ಮನ್ ತಡೆದರು. ಅಷ್ಟು ಬೇಡ, ಬೆಣ್ಣೆ ಸವರುವ ಚಾಕುವಿನಷ್ಟು ಹರಿತವಾದರೆ ಸಾಕು ಅಂದರು.

ನಾನು ಇದನ್ನು ತರ್ಜುಮೆ ಮಾಡಬಾರದಿತ್ತು.

"ಬೆಣ್ಣೆ ಚಾಕುವಾ? ಹಂಗಂದ್ರೆ ಇದ್ದಿದ್ದೇನಾಗಿತ್ತು? ನಾನು ಒಂದೂವರೆ ಗಂಟೆ ಉಜ್ಜಿದ್ದು ಬೆಣ್ಣೆ ಹಚ್ಚಕ್ಕಾ?"

ಲೈನ್‌ಮನ್ ಕಾರಣ ಹೇಳಿದರು. ಅಲಗು ತೆಳ್ಳಗಾದಷ್ಟೂ ಮೊದಲ ಬೆಣಚುಕಲ್ಲಿಗೇ ಹಲ್ಲು ಮುರಿಯುತ್ತದೆ, ಇಲ್ಲವೆ ಮಡಚಿಕೊಳ್ಳುತ್ತದೆ. 30ರಿಂದ 45 ಡಿಗ್ರಿ ಇಳಿಜಾರು ಇದ್ದರೆ ಒಂದಿಪ್ಪತ್ತು ಇಪ್ಪತ್ತೈದು ಗಂಟೆ ಕೆಲಸಕ್ಕೆ ಬರುತ್ತದೆ. ಮಾವನವರು ಸ್ವಲ್ಪ ಹೊತ್ತು ಯೋಚಿಸಿ, "ಅದೂ ಸರೀನೇ. ಕುಡ್ಲಿಗೆ ಒಂದು ಹದ, ಕೊಡ್ಲಿಗೆ ಒಂದು ಹದ" ಅಂತ ಒಪ್ಪಿಕೊಂಡರು. ಎತ್ತಿನ ವ್ಯಾಪಾರದಲ್ಲೂ ಅವರು ಇಷ್ಟು ಬೇಗ ಇಳಿದದ್ದಿಲ್ಲವಂತೆ.

ಆಮೇಲೆ ತೂಕ. ಗರಾಜಿನ ಗೋಡೆಗೆ ಒಂದು ಮೊಳೆ ಹೊಡೆದು, ಬ್ಲೇಡಿನ ನಡುವಿನ ತೂತನ್ನು ಅದಕ್ಕೆ ನೇತುಹಾಕಿ ಕೈಬಿಟ್ಟರು. ಎಡತುದಿ ನಿಧಾನಕ್ಕೆ ಇಳಿಯಿತು. ಇಳಿದ ಕಡೆ ಭಾರ ಅಂತ ಅರ್ಥ, ಆ ಕಡೆ ಇನ್ನೆರಡು ಸಲ ಅರ ಎಳೆಯಬೇಕು. ತೂಕ ತಪ್ಪಿದ ಬ್ಲೇಡು ಆ ವೇಗದಲ್ಲಿ ತಿರುಗಿದರೆ ಕೈ ಜೋಮು ಹಿಡಿಯುವುದಷ್ಟೇ ಅಲ್ಲ, ಎಂಜಿನ್ನಿನ ಬೇರಿಂಗೂ ಎದ್ದುಹೋಗುತ್ತದೆ. ಮಾವನವರು ಅಕ್ಕಸಾಲಿಯ ತಕ್ಕಡಿಯ ಮುಂದೆ ನಿಂತ ಹೆಣ್ಣಿನ ತಂದೆಯ ಹಾಗೆ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಾಲ್ಕನೆಯ ಸಲಕ್ಕೆ ಬ್ಲೇಡು ಅಡ್ಡಲಾಗಿ ನಿಂತಿತು. ಜಗ್ಗಲಿಲ್ಲ. ಮೂವರೂ ಚಪ್ಪಾಳೆ ತಟ್ಟಿದೆವು.

ಆಗ ಲೈನ್‌ಮನ್ ಬ್ಲೇಡನ್ನು ಇಳಿಸಿ ಬೆಳಕಿಗೆ ಹಿಡಿದು, ಅಲಗಿನ ಹಿಂದೆ ಮೇಲಕ್ಕೆ ಮಡಚಿದ್ದ ರೆಕ್ಕೆಯ ಬುಡವನ್ನು ಉಗುರಿನಿಂದ ತೋರಿಸಿದರು. ಆ ರೆಕ್ಕೆಯೇ ಬೀಸಣಿಗೆಯ ಹಾಗೆ ಗಾಳಿ ಎಳೆದು ಮಲಗಿದ ಹುಲ್ಲನ್ನು ನಿಲ್ಲಿಸುವುದು, ಕೊಯ್ದದ್ದನ್ನು ಚೀಲಕ್ಕೆ ಎಸೆಯುವುದು. ವರ್ಷಗಟ್ಟಲೆ ಮರಳು ಉಜ್ಜಿ ಅದು ಬಳಪದ ಗೆರೆಯಷ್ಟು ತೆಳ್ಳಗಾಗಿ, ಒಂದು ಕಡೆ ಕೂದಲೆಳೆಯ ಬಿರುಕೂ ಬಿಟ್ಟಿತ್ತು. ಇದು ಹಾರಿದರೆ ಗುಂಡು ಹಾರಿದ ಹಾಗೆ, ಬಿಸಾಕಿ, ಹೊಸದು ತನ್ನಿ ಅಂದರು. ಬೆಂಡಾದ ಬ್ಲೇಡನ್ನು ಬಡಿದು ನೆಟ್ಟಗೆ ಮಾಡುವುದೂ, ಬಿರುಕಿಗೆ ವೆಲ್ಡಿಂಗ್ ಹಾಕುವುದೂ ಕೂಡದಂತೆ.

ಬಿಚ್ಚಿದ ಕೂಡಲೇ ನೋಡಬೇಕಾದದ್ದನ್ನು ಎಲ್ಲ ಮುಗಿದ ಮೇಲೆ ಯಾಕೆ ನೋಡಿದಿರಿ ಅಂತ ಕೇಳಿದೆ. ಮಾವನವರು ಅಷ್ಟು ಖುಷಿಯಾಗಿ ಉಜ್ಜುತ್ತಿದ್ದರಲ್ಲ, ಹೇಗೆ ನಿಲ್ಲಿಸುವುದು ಅಂದರು. ಇದನ್ನು ನಾನು ತರ್ಜುಮೆ ಮಾಡಲಿಲ್ಲ.

ಹೊಸ ಬ್ಲೇಡು ತರುವುದು ಸುಲಭ ಅಂದುಕೊಂಡವರು ಒಮ್ಮೆ ಅಂಗಡಿಗೆ ಹೋಗಿ ಬರಬೇಕು. ಗೋಡೆ ತುಂಬ ಬ್ಲೇಡು ನೇತುಹಾಕಿರುತ್ತಾರೆ. ನಡುವಿನ ತೂತು ಒಂದರದು ದುಂಡು, ಒಂದರದು ನಕ್ಷತ್ರ, ನಕ್ಷತ್ರದಲ್ಲೂ ಐದು ಮೊನೆಯದು, ಆರು ಮೊನೆಯದು. ಚೀಲ ತುಂಬುವುದಕ್ಕೆ ರೆಕ್ಕೆ ಎತ್ತರದ್ದು. ಹುಲ್ಲನ್ನು ಅಲ್ಲೇ ನುಚ್ಚು ಮಾಡಿ ಉದುರಿಸುವುದಕ್ಕೆ ಬಾಗುಬಳುಕಿನ ಮಲ್ಚಿಂಗ್ ಬ್ಲೇಡು. ಹಳೆಯದನ್ನು ಕೈಯಲ್ಲಿ ಹಿಡಿದು ಹೋಗುವುದು ಬಿಟ್ಟು ನಾನು ಟೇಪಿನಲ್ಲಿ ಅಳೆದು ಚೀಟಿ ಬರೆದುಕೊಂಡು ಹೋಗಿದ್ದೆ. ಅಳತೆಯನ್ನು ಒಂದು ತುದಿಯ ಅಲಗಿನ ಮೂಲೆಯಿಂದ ಇನ್ನೊಂದು ತುದಿಯ ಅಲಗಿನ ಮೂಲೆಗೆ ಓರೆಯಾಗಿ ಹಿಡಿಯಬೇಕಂತೆ. ನಾನು ನೆಟ್ಟಗೆ ಹಿಡಿದಿದ್ದೆ. ಮೊದಲ ಸಲ ಉದ್ದ ತಪ್ಪಿತು, ಎರಡನೆಯ ಸಲ ನಕ್ಷತ್ರ ತಪ್ಪಿತು. ಜಾತಕ ಕೂಡಿಬಂದದ್ದು ಮೂರನೆಯ ಸಲ. ರಾತ್ರಿ ನನ್ನಾಕೆ ಫ್ರಿಜ್ಜಿನ ಮೇಲೆ ಲೆಕ್ಕ ಬರೆದಳು: ಬ್ಲೇಡು 22, ಸ್ಪ್ಯಾನರ್ ಸೆಟ್ಟು 30, ಅರ 9, ಏರ್ ಫಿಲ್ಟರ್ 8, ಆಯಿಲ್ 7. ಅಸಲು 40 ಡಾಲರ್, ಬಡ್ಡಿ 76.

ಜೋಡಿಸುವ ಕೆಲಸವನ್ನು ಹಠ ಹಿಡಿದು ನಾನೇ ಮಾಡಿದೆ. ರೆಕ್ಕೆ ಕೆಳಗಿದ್ದರೆ ಚೆನ್ನಾಗಿ ಗುಡಿಸುತ್ತದೆ ಅನ್ನುವುದು ನನ್ನ ತರ್ಕ. ಎಂಜಿನ್ ಮೊರೆಯಿತು. ಅಂಗಳದ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ನೋಡಿದೆ. ನಾನು ಹಾದುಹೋದಾಗ ಹುಲ್ಲೆಲ್ಲ ಭಕ್ತಿಯಿಂದ ಅಡ್ಡಬಿದ್ದಿತ್ತು. ನೋಡನೋಡುತ್ತಲೇ ಒಂದೊಂದಾಗಿ ಎದ್ದು ನಿಂತಿತು. ಒಂದೆಸಳೂ ಕತ್ತರಿಸಿರಲಿಲ್ಲ. ಮತ್ತೆ ಪ್ಲಗ್ಗಿನ ವೈರು ಕಿತ್ತು, ಈ ಸಲ ಸರಿಯಾದ ಮಗ್ಗುಲಿಗೇ ಮಲಗಿಸಿ ನೋಡಿದರೆ, ಬ್ಲೇಡಿನ ಮೇಲುಮುಖದಲ್ಲಿ, ಅಂದರೆ ಯಾರಿಗೂ ಕಾಣದ ಕಡೆ, ಅಚ್ಚೊತ್ತಿದ ಅಕ್ಷರ: ದಿಸ್ ಸೈಡ್ ಡೌನ್.

"ಎತ್ತಿಗೆ ಹಲ್ಲು ಕಟ್ಟಿಸಿದ್ರಿ, ಉಲ್ಟಾ ಕಟ್ಟಿಸಿದ್ರಿ" ಅಂದರು ಮಾವ.

ತಿರುವಿ ಹಾಕಿದ ಮೇಲೆ ಹುಲ್ಲು ಹೇಗೆ ಬಿತ್ತು ಅಂದರೆ, ಮಾವನವರು ಎಸಳು ಕಿತ್ತು ನೋಡಿ, ಮಾತಾಡದೆ ನನ್ನ ಬೆನ್ನು ತಟ್ಟಿದರು. ಎತ್ತರದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಒಂದೇ ಸಲಕ್ಕೆ ಕೊಯ್ಯಬಾರದೆಂದು ಲೈನ್‌ಮನ್ ಹೇಳಿದ್ದರು, ಹಾಗೇ ಮಾಡಿದ್ದೆ. ಮುಂದಿನ ಬುಧವಾರವಾದರೂ ತುದಿ ಬಿಳಿಚಲಿಲ್ಲ.

ಹಳೆಯ ಬ್ಲೇಡನ್ನು ಕಸಕ್ಕೆ ಹಾಕಲು ಮಾವನವರು ಬಿಡಲಿಲ್ಲ. ಅಕ್ಟೋಬರಿನಲ್ಲಿ ಊರಿಗೆ ಹೊರಟಾಗ ನಾಲ್ಕು ಸುತ್ತು ಕಾಗದ, ಎರಡು ಸುತ್ತು ಹಳೇ ಪಂಚೆ ಸುತ್ತಿ, ಚಾಕೊಲೇಟಿನ ಪೊಟ್ಟಣಗಳ ನಡುವೆ ದೊಡ್ಡ ಸೂಟ್‌ಕೇಸಿನ ತಳಕ್ಕೆ ಸೇರಿಸಿದರು. ಊರ ಕುಲುಮೆಯ ಆಚಾರಿ ಲಾರಿಯ ಕಮಾನುಪಟ್ಟಿಯಲ್ಲಿ ಮಚ್ಚು ಮಾಡುವವನು, ಇದನ್ನು ಬಿಡುತ್ತಾನೆಯೆ ಅಂತ ಅವರ ವಾದ. ತಿಂಗಳ ಮೇಲೆ ಒಂದು ಭಾನುವಾರ ವಿಡಿಯೊ ಕರೆ ಬಂತು. ಅತ್ತೆ ಕೊಟ್ಟಿಗೆ ಮುಂದೆ ಹೊಸ ಕುಡ್ಲು ಹಿಡಿದು ನಿಂತಿದ್ದರು, ಕಾಲ ಬಳಿ ಹಸಿಹುಲ್ಲಿನ ಹೊರೆ, ಹಿಂದೆ ಒಂದು ಸೀಮೆಹಸು ನನ್ನನ್ನು ಲೆಕ್ಕಿಸದೆ ಮೇಯುತ್ತಿತ್ತು.

"ಆಚಾರಿ ಕೇಳ್ದ, ಒಳ್ಳೇ ಕಬ್ಣ, ಅಲ್ಲಿ ಇದ್ರಲ್ಲಿ ಏನ್ ಕೊಯ್ತಿದ್ರು ಅಂತ" ಅಂದರು ಮಾವ. "ಹುಲ್ಲು ಅಂದೆ. ಇಷ್ಟು ಸವೆಯೋಗಂಟ ಹುಲ್ ಕೊಯ್ಯಕ್ಕೆ ನಿಮ್ಮಳಿಯಂದ್ರು ಎಷ್ಟ್ ದನ ಕಟ್ಟವ್ರೆ ಅಂದ. ಏನಂತ ಹೇಳ್ಲಿ?"

ಗರಾಜಿನ ಮೂಲೆಯಲ್ಲಿ ಚಳಿಗಾಲಕ್ಕೆ ಪೆಟ್ರೋಲ್ ಬಸಿದು, ಹೊಟ್ಟೆ ಕೆರೆದು ತೊಳೆದು ನಿಲ್ಲಿಸಿದ್ದ ಮೋವರ್ ಕಡೆ ನೋಡಿದೆ.

"ಒಂದೇ ಒಂದು ಮಾವ" ಅಂದೆ. "ಎರಡಲ್ಲಿಂದು ಅಂತ ಹೇಳಿ."